ಓದುಗರ ಪ್ರಶ್ನೆ: ಗಿಟಾರ್ ಒಬ್ಬರದ್ದು, ಆಲ್ಬಮ್ ತುಂಬ ಅತಿಥಿಗಳು

ಹೋದ ಸಂಚಿಕೇಲಿ ಅಂಕಣದ ಕೊನೆಗೆ ಲೀ ರಿಟನೋರ್ ಅವರ ‘6 ಸ್ಟ್ರಿಂಗ್ ಥಿಯರಿ’ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಲಾಸ್ ಏಂಜಲೀಸ್‌ನ ಸ್ಮೂತ್ ಜಾಝ್ ಗಿಟಾರಿಸ್ಟ್ ಒಬ್ರು 2010ರಲ್ಲಿ ಸುಮಾರು ಇಪ್ಪತ್ತು ಜನ ಗಿಟಾರಿಸ್ಟ್‌ಗಳನ್ನ ಒಂದೇ ಆಲ್ಬಮ್ಮಿಗೆ ಸೇರಿಸಿದ್ರು ಅಂತ. ಅಷ್ಟಕ್ಕೇ ಪತ್ರಗಳು ಬಂದವು ನೋಡಿ, ಕೆಲವು ಪ್ರೀತಿಯಿಂದ, ಕೆಲವು ‘ಇದೇನ್ ಸಾರ್ ಶುರು ಮಾಡಿದ್ರಿ’ ಅಂತ. ಹಾಗಾಗಿ ಈ ಸಲದ ಜಾಗ ಎಲ್ಲ ಅದಕ್ಕೇ. ಸಿನಿಮಾ ಹಾಡಿನ ಪ್ರಶ್ನೆ ಕಳಿಸಿದವರು ಇನ್ನೊಂದು ಸಂಚಿಕೆ ತಡ್ಕೊಳ್ಳಿ.

ಬೆಂಗಳೂರು, ರಾಜಾಜಿನಗರದಿಂದ: ಸ್ಮೂತ್ ಜಾಝ್ ಅಂದ್ರೆ ಲಿಫ್ಟಲ್ಲಿ, ಹಲ್ಲಿನ ಡಾಕ್ಟ್ರ ಕ್ಲಿನಿಕ್ಕಲ್ಲಿ ಸಣ್ಣಗೆ ಹಾಕಿರ್ತಾರಲ್ಲ ಅದೇ ತಾನೆ? ಅದಕ್ಕೆ ಯಾಕೆ ಇಷ್ಟೊಂದು ಪುಟ?

ಅದೇ. ಆದ್ರೆ ಲಿಫ್ಟಲ್ಲಿ ಹಾಕಿದ್ದು ನುಡಿಸಿದವರ ತಪ್ಪಲ್ಲವಲ್ಲ. ಈ ಶೈಲಿಯ ಬೇರು ಹುಡುಕ್ಕೊಂಡು ಹೋದ್ರೆ ವೆಸ್ ಮಾಂಟ್ಗಮರಿ ಸಿಕ್ತಾರೆ, ಪಿಕ್ (ತಂತಿ ಮೀಟೋ ಚಿಕ್ಕ ಬಿಲ್ಲೆ) ಮುಟ್ಟದೆ ಬರೀ ಹೆಬ್ಬೆರಳಲ್ಲಿ ಎರಡು ತಂತಿ ಒಟ್ಟಿಗೆ ಮೀಟಿ ಆಕ್ಟೇವ್, ಅಂದ್ರೆ ಒಂದೇ ಸ್ವರವನ್ನ ಮೇಲಿನ ಸ್ಥಾಯಿ ಕೆಳಗಿನ ಸ್ಥಾಯಿ ಎರಡರಲ್ಲೂ, ನುಡಿಸ್ತಿದ್ದ ಮನುಷ್ಯ, ಅವರನ್ನ ಕಟ್ಟಾ ಜಾಝ್‌ನವರೂ ಅಲ್ಲ ಅನ್ನಂಗಿಲ್ಲ. 1967ರಲ್ಲಿ ಪ್ರೊಡ್ಯೂಸರ್ ಕ್ರೀಡ್ ಟೇಲರ್ ಈ ಮಾಂಟ್ಗಮರಿ ಕೈಲಿ ಬೀಟಲ್ಸ್ ಹಾಡನ್ನ ಪಿಟೀಲುಗಳ ಗುಂಪಿನ ಜೊತೆ ನುಡಿಸಿದ್ರು, ಜಾಝ್ ಗೊತ್ತಿಲ್ಲದವರೂ ಕೊಂಡ್ಕೊಂಡು ಕೇಳಿದ್ರು, ವಿಮರ್ಶಕರು ಮೂಗು ಮುರಿದ್ರು. ಮಾರನೇ ವರ್ಷ 45ನೇ ವಯಸ್ಸಿಗೇ ಮಾಂಟ್ಗಮರಿ ತೀರ್ಕೊಂಡ್ರು. ಅವರ ದಾರೀಲೇ ಬಂದವರು ಜಾರ್ಜ್ ಬೆನ್ಸನ್, ರಿಟನೋರ್, ಲ್ಯಾರಿ ಕಾರ್ಲ್ಟನ್, ಅರ್ಲ್ ಕ್ಲೂ ಎಲ್ಲ. ರೇಡಿಯೋದವರು ಬಂದಿದ್ದು ಆಮೇಲೆ. 1987ರಲ್ಲಿ ಲಾಸ್ ಏಂಜಲೀಸ್‌ನ ಒಂದು ರಾಕ್ ಸ್ಟೇಷನ್ ರಾಕ್ ಬಿಟ್ಟು ‘ದ ವೇವ್’ ಅಂತ ಹೆಸರು ಬದಲಾಯಿಸ್ಕೊಂಡು ಈ ಸಂಗೀತ ಹಾಕೋಕೆ ಶುರು ಮಾಡ್ತು, ಅದು ಓಡ್ತು ಅಂತ ಊರೂರಲ್ಲಿ ಅದನ್ನೇ ಮಾಡಿದ್ರು, 2008ರ ಹೊತ್ತಿಗೆ ನ್ಯೂಯಾರ್ಕ್‌ನ ದೊಡ್ಡ ಸ್ಟೇಷನ್ನೇ ಇದನ್ನ ಕೈಬಿಡ್ತು. ರೇಡಿಯೋಗೆ ಬೇಕಿದ್ದದ್ದು ಆಫೀಸಲ್ಲಿ ಕೂತವರಿಗೆ ತೊಂದರೆ ಕೊಡದ ಶಬ್ದ, ಅದಕ್ಕೆ ತಕ್ಕ ಹಾಗೆ ಮಾಡಿದ ನೀರಸ ರೆಕಾರ್ಡುಗಳೂ ರಾಶಿ ಇವೆ, ಅವನ್ನ ನಾನೂ ಸಮರ್ಥಿಸ್ಕೊಳ್ಳಲ್ಲ.

ಮೈಸೂರಿಂದ: ಇಪ್ಪತ್ತು ಜನ ಗಿಟಾರಿಸ್ಟ್‌ಗಳು ಬಂದು ನುಡಿಸಿ ಹೋದ್ರೆ ಅದು ರಿಟನೋರ್ ಆಲ್ಬಮ್ ಹೇಗಾಗುತ್ತೆ? ಹೆಸರಿರೋರನ್ನ ಸೇರಿಸಿ ಮಾರೋ ಐಡಿಯಾ ಅಷ್ಟೇ ಅಲ್ವಾ?

ಮಾರೋ ಐಡಿಯಾ ಇಲ್ಲ ಅಂದ್ರೆ ಯಾವ ಕಂಪನಿಯೂ ದುಡ್ಡು ಹಾಕಲ್ಲ ಬಿಡಿ. ಕವರ್ ಮೇಲಿನ ಹೆಸರು ನೋಡಿ, ಬಿ.ಬಿ. ಕಿಂಗ್, ಬೆನ್ಸನ್, ಸ್ಲ್ಯಾಶ್, ಸ್ಟೀವ್ ಲ್ಯೂಕಥರ್, ಜಾನ್ ಸ್ಕೋಫೀಲ್ಡ್, ಪ್ಯಾಟ್ ಮಾರ್ಟಿನೊ, ರಾಬರ್ಟ್ ಕ್ರೇ, ಜೋ ಬೊನಮಾಸ, ಕಂಟ್ರಿ ಕಡೆಯಿಂದ ವಿನ್ಸ್ ಗಿಲ್, ಇನ್ನೂ ಇದ್ದಾರೆ. ಬ್ಲೂಸ್, ರಾಕ್, ಜಾಝ್, ಅಕೌಸ್ಟಿಕ್, ಕ್ಲಾಸಿಕಲ್ ಎಲ್ಲ ಒಂದೇ ಡಿಸ್ಕಲ್ಲಿ. ಮೊದಲ ಸಲ ಕೇಳುವಾಗ ನಂಗೂ ಪೂರ್ತಿ ಆಲ್ಬಮ್ ಹಿಡಿಸಲಿಲ್ಲ, ಈಗಲೂ ರಾಕ್ ಟ್ರ್ಯಾಕುಗಳಲ್ಲಿ ಎಲ್ಲರೂ ಒಂದೇ ಉಸಿರಲ್ಲಿ ಮಾತಾಡಿದ ಹಾಗೆ ಕೇಳ್ಸುತ್ತೆ.

ಆದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಸೋಲೋಗಳಲ್ಲಿ ಅಲ್ಲ. ಅತಿಥಿ ಸೋಲೋ ನುಡಿಸ್ತಿರುವಾಗ ರಿಟನೋರ್ ಹಿಂದುಗಡೆ ಏನು ಮಾಡ್ತಿದ್ದಾರೆ ಅಂತ ಕೇಳಿ. ಹೆಡ್‌ಫೋನ್ ಹಾಕ್ಕೊಂಡೇ ಕೇಳಬೇಕು. ಬೆನ್ಸನ್ ಜೊತೆಗಿನ ನಿಧಾನದ ಹಾಡುಗಳಲ್ಲಿ ಗಮನಿಸಿ, ಬೆನ್ಸನ್ ಉದ್ದದ ಸಾಲು ಎಳೀತಾ ಹೋದಾಗ ಹಿಂದಿನ ಗಿಟಾರು ಕಾರ್ಡನ್ನ (ಒಟ್ಟಿಗೆ ಮೀಟೋ ಸ್ವರಗಳ ಗುಂಪು) ಚಿಕ್ಕದಾಗಿ ಮುಟ್ಟಿ ಬಿಡುತ್ತೆ, ಅವರು ಉಸಿರು ತಗೊಂಡ ಕಡೆ ಮಾತ್ರ ಒಂದು ಸಣ್ಣ ಉತ್ತರ. ಇದಕ್ಕೆ ಸಂಗೀತಗಾರರು ಕಾಂಪಿಂಗ್ ಅಂತಾರೆ, ನಮ್ಮ ಕಡೆ ಪಕ್ಕವಾದ್ಯದವರಿಗೆ ಇದನ್ನ ವಿವರಿಸೋದೇ ಬೇಡ. ಆತಿಥೇಯ ಆದವನು ಈ ಕೆಲಸ ಮಾಡೋಕೆ ಬರದೇ ಹೋದ್ರೆ ಊಟಕ್ಕೆ ಕರೆದು ಮೊದಲ ಪಂಕ್ತೀಲಿ ತಾನೇ ಕೂತ ಹಾಗೆ.

ರಿಟನೋರ್‌ಗೆ ಈ ಕೆಲಸ ಎಲ್ಲಿಂದ ಬಂತು ಅಂದ್ರೆ ಸೆಷನ್ನಿಂದ. ಹದಿನಾರನೇ ವಯಸ್ಸಿಗೇ ‘ದ ಮಾಮಾಸ್ ಅಂಡ್ ದ ಪಾಪಾಸ್’ ಅನ್ನೋ ಹಾಡುಗಾರರ ತಂಡದ ಸೆಷನ್‌ಗೆ ಹೋಗಿದ್ದ ಹುಡುಗ, ಎಪ್ಪತ್ತರ ದಶಕ ಪೂರ್ತಿ ಲಾಸ್ ಏಂಜಲೀಸ್ ಸ್ಟುಡಿಯೋಗಳಲ್ಲಿ ಬೇರೆಯವರ ಹಾಡಿಗೆ ನುಡಿಸ್ಕೊಂಡೇ ಬೆಳೆದವರು. ಪಿಂಕ್ ಫ್ಲಾಯ್ಡ್‌ನ 1979ರ ‘ದ ವಾಲ್’ ಆಲ್ಬಮ್ಮಲ್ಲೂ ಅವರ ಗಿಟಾರ್ ಇದೆ, ಆ ರೆಕಾರ್ಡಿನ ಮೇಲೆ ಹೆಸರು ಮಾತ್ರ ಇರಲಿಲ್ಲ. ‘ಕ್ಯಾಪ್ಟನ್ ಫಿಂಗರ್ಸ್’ ಅಂತ ಅಡ್ಡಹೆಸರು ಬರುವಷ್ಟು ಬೆರಳು ಓಡೋ ಮನುಷ್ಯ, ಆದ್ರೂ ಮೂರು ನಿಮಿಷದ ಹಾಡಲ್ಲಿ ನಾಲ್ಕೇ ನಾಲ್ಕು ಸ್ವರ ಹಾಕಿ ಎದ್ದು ಬರೋ ಅಭ್ಯಾಸ ಇಟ್ಕೊಂಡಿದ್ದವರು. ಇಂಥವರಿಗೆ ಮಾತ್ರ ಸ್ವಂತ ಆಲ್ಬಮ್ಮಲ್ಲಿ ಹಿಂದೆ ಸರಿಯೋದು ಕಷ್ಟ ಅನ್ಸಲ್ಲ. ಬರೀ ಸ್ಟೇಜ್ ಮೇಲೆ ಸೋಲೋ ಹೊಡ್ಕೊಂಡು ಬಂದವರು ಅತಿಥಿಗಳ ಆಲ್ಬಮ್ ಮಾಡಿದ್ರೆ ಒಂದೊಂದು ಟ್ರ್ಯಾಕೂ ಸ್ಪರ್ಧೆ ಆಗ್ಬಿಡುತ್ತೆ.

ಪ್ಯಾಟ್ ಮಾರ್ಟಿನೊ ಟ್ರ್ಯಾಕನ್ನ ಬಿಡಬೇಡಿ. 2009ರಲ್ಲಿ ಲೆಸ್ ಪಾಲ್ ತೀರ್ಕೊಂಡಿದ್ರಲ್ಲ, ಎಲೆಕ್ಟ್ರಿಕ್ ಗಿಟಾರಿನ ಹಿರಿಯಜ್ಜ, ಅವರ ನೆನಪಿಗೆ ಮಾಡಿದ್ದು ಅದು. ಮಾರ್ಟಿನೊ ಕತೆ ಗೊತ್ತಿಲ್ದೇ ಇರೋರಿಗೆ: 1980ರಲ್ಲಿ ಅವರಿಗೆ ಮಿದುಳಿನ ಆಪರೇಷನ್ ಆಯ್ತು, ಎದ್ದಾಗ ನೆನಪೇ ಹೋಗಿತ್ತು, ತನ್ನದೇ ಹಳೇ ರೆಕಾರ್ಡುಗಳನ್ನ ಕೇಳಿ ಕೇಳಿ ಗಿಟಾರನ್ನ ಮತ್ತೆ ಕಲಿತ್ರು. ಅವರು ನುಡಿಸ್ತಿದ್ದದ್ದು ಮಳೆ ನಿಲ್ಲದ ಹಾಗೆ, ಎಂಟರ ನಡೆಯಲ್ಲಿ ಸ್ವರ ಸುರೀತಾನೇ ಇರ್ತಿತ್ತು. ಅಂಥವರ ಪಕ್ಕ ಕೂತು ಅದೇ ವೇಗದಲ್ಲಿ ಉತ್ತರ ಕೊಡೋಕೆ ಹೋದ್ರೆ ಕೆಟ್ಟಂಗೆ. ರಿಟನೋರ್ ಹೋಗಿಲ್ಲ.

ಇನ್ನೊಂದು, ಈ ಆಲ್ಬಮ್ ಜೊತೆಗೇ ಅವರು ಗಿಟಾರ್ ಸ್ಪರ್ಧೆಯೊಂದನ್ನೂ ನಡೆಸಿದ್ರು, ಗೆದ್ದ ಕೆನಡಾದ ಹುಡುಗ ಶಾನ್ ಬೂಬ್ಲಿಲ್ ನುಡಿಸಿದ ಕ್ಲಾಸಿಕಲ್ ಗಿಟಾರ್ ತುಣುಕೂ ಡಿಸ್ಕಲ್ಲಿ ಇದೆ. ಎಂಬತ್ತು ದಾಟಿದ ಬಿ.ಬಿ. ಕಿಂಗ್ ಇರೋ ಡಿಸ್ಕಲ್ಲಿ ಆ ಹುಡುಗನಿಗೂ ಪೂರ್ತಿ ಜಾಗ. ಮಾರ್ಕೆಟಿಂಗ್ ಮಾತ್ರ ಆಗಿದ್ರೆ ಅದು ಬೇಕಿರಲಿಲ್ಲ.

ಚಿಕ್ಕಮಗಳೂರಿಂದ: ಎರಡು ಗಿಟಾರ್ ಒಟ್ಟಿಗೆ ನುಡಿಸಿದ್ರೆ ನಂಗಂತೂ ಯಾರು ಯಾವುದು ನುಡಿಸ್ತಿದ್ದಾರೆ ಅಂತಾನೇ ಗೊತ್ತಾಗಲ್ಲ. ನನ್ನ ಕಿವಿ ಸರಿ ಇಲ್ವಾ?

ಕಿವಿ ಸರಿ ಇದೆ. ಎರಡೂ ಗಿಟಾರಿನ ಸ್ವರದ ವ್ಯಾಪ್ತಿ ಒಂದೇ, ಮಧ್ಯದ ಜಾಗದಲ್ಲಿ ಇಬ್ಬರೂ ಸೇರಿದ್ರೆ ಮಸುಕಾಗ್ಲೇಬೇಕು. 1987ರಲ್ಲಿ ಬೆನ್ಸನ್ ಮತ್ತು ಅರ್ಲ್ ಕ್ಲೂ ಸೇರಿ ‘ಕೊಲ್ಯಾಬರೇಷನ್’ ಮಾಡಿದ್ರು, ಅದನ್ನ ಕೇಳಿ, ನಿಮಗೆ ಈ ಗೊಂದಲ ಬರಲ್ಲ. ಕ್ಲೂ ನುಡಿಸೋದು ನೈಲಾನ್ ತಂತಿ, ಬೆರಳಲ್ಲಿ, ಸ್ವರದ ಅಂಚು ದುಂಡಗಿರುತ್ತೆ. ಬೆನ್ಸನ್‌ದು ಲೋಹದ ತಂತಿಯ ಟೊಳ್ಳು ಒಡಲಿನ ಎಲೆಕ್ಟ್ರಿಕ್ ಗಿಟಾರು, ಪಿಕ್ಕಿನ ‘ಟಕ್’ ಅನ್ನೋ ಶುರು ಸ್ಪಷ್ಟವಾಗಿ ಕೇಳುತ್ತೆ. ಕಣ್ಣು ಮುಚ್ಕೊಂಡಿದ್ರೂ ಇಬ್ಬರೂ ಬೇರೆ ಬೇರೆ.

ಕಷ್ಟ ಇರೋದು ರಿಟನೋರ್ ಮತ್ತು ಕಾರ್ಲ್ಟನ್ ಸೇರಿ 1995ರಲ್ಲಿ ಮಾಡಿದ ‘ಲ್ಯಾರಿ ಅಂಡ್ ಲೀ’ಯಲ್ಲಿ. ಕಾರ್ಲ್ಟನ್‌ಗೆ ‘ಮಿಸ್ಟರ್ 335’ ಅಂತಾನೇ ಹೆಸರು, ಗಿಬ್ಸನ್ ಇಎಸ್-335 ಗಿಟಾರಿಂದ ಬಂದಿದ್ದು, ಎಪ್ಪತ್ತರಲ್ಲಿ ರಿಟನೋರ್ ಹೆಸರು ಮಾಡಿದ್ದೂ ಅದೇ ಗಿಟಾರಲ್ಲಿ, ಇಬ್ಬರೂ ಅದೇ ಊರಿನ ಅದೇ ಸ್ಟುಡಿಯೋಗಳಲ್ಲಿ ಪಳಗಿದವರು. ಅಲ್ಲಿ ಬೇರೆ ಮಾಡಿ ಗುರುತಿಸೋಕೆ ತಂತಿ ಎಳೆಯೋ ರೀತಿ ನೋಡಬೇಕು, ಕಾರ್ಲ್ಟನ್ ಸ್ವರವನ್ನ ನಿಧಾನ ಎಳೆದು ಮೇಲಿನ ಸ್ವರಕ್ಕೆ ತಂದು ನಿಲ್ಲಿಸ್ತಾರೆ, ಹಾಡುಗಾರರ ಹಾಗೆ, ರಿಟನೋರ್ ಅಷ್ಟೊತ್ತಿಗೆ ಮೂರು ಸ್ವರ ಮುಂದೆ ಹೋಗಿರ್ತಾರೆ. ಮುಂದೆ ‘ಫೋರ್‌ಪ್ಲೇ’ ಅನ್ನೋ ನಾಲ್ವರ ತಂಡ ಬಿಟ್ಟು ರಿಟನೋರ್ ಹೊರಗೆ ಬಂದಾಗ ಅವರ ಕುರ್ಚೀಲಿ ಕೂತವರೂ ಈ ಕಾರ್ಲ್ಟನ್ನೇ.

ಮಂಗಳೂರಿಂದ: ನಾನು ಮದುವೆ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ನುಡಿಸ್ತೇನೆ. ಗೆಳೆಯ ಗಿಟಾರಿಸ್ಟ್, ಒಂದು ಹಾಡಿಗೆ ಗೆಸ್ಟ್ ಆಗಿ ಬಾ ಅಂತ ಕರೆದ. ಹೋದ್ರೆ ಹಾಡು ‘ಇ’ ಮೇಜರ್ ಸ್ಕೇಲಲ್ಲಿ. ಬದಲಾಯಿಸು ಅಂದ್ರೆ ಒಪ್ಪಲ್ಲ, ನನಗೇ ಪ್ರಾಕ್ಟೀಸ್ ಇಲ್ಲ ಅಂತಾನೆ ಮಾರಾಯ್ರೆ. ಯಾರದ್ದು ಸರಿ?

ನಿಮ್ಮದು. ಆ ಗೆಳೆಯನಿಗೆ ಈ ಪುಟ ತೋರಿಸಿ.

ಗಿಟಾರಿಸ್ಟಿಗೆ ‘ಇ’, ‘ಎ’ ಕೈಗೆ ಸಲೀಸು, ಕೆಳಗಿನ ತಂತಿಗಳು ತೆರೆದೇ ಇರ್ತವೆ, ಬೆರಳು ಊರೋದೇ ಬೇಡ. ಆದ್ರೆ ಆಲ್ಟೊ ಸ್ಯಾಕ್ಸಿನ ಬರಹ ಬೇರೆ, ಅದರಲ್ಲಿ ‘ಸಿ’ ಅಂತ ಬರೆದಿದ್ದನ್ನ ನುಡಿಸಿದ್ರೆ ಹೊರಗೆ ಬರೋದು ‘ಇ ಫ್ಲಾಟ್’. ಹಾಗಾಗಿ ಗಿಟಾರಿನ ‘ಇ’ ಮೇಜರ್ ಹಾಡನ್ನ ಆಲ್ಟೊದವರು ‘ಸಿ ಶಾರ್ಪ್’ ಮೇಜರ್ ಅಂತ ನುಡಿಸಬೇಕು, ಏಳಕ್ಕೆ ಏಳೂ ಶಾರ್ಪ್, ಅಂದ್ರೆ ಏಳೂ ಸ್ವರ ಅರ್ಧ ಮೆಟ್ಟಿಲು ಮೇಲೆ. ಟೆನರ್ (ಆಲ್ಟೊಗಿಂತ ದೊಡ್ಡ ಸ್ಯಾಕ್ಸ್) ಆದ್ರೆ ‘ಎಫ್ ಶಾರ್ಪ್’, ಆರು ಶಾರ್ಪ್. ನುಡಿಸಬಹುದು, ನುಡಿಸೋರೂ ಇದ್ದಾರೆ, ಆದ್ರೆ ನಿಮ್ಮ ತಲೆ ಅರ್ಧ ಬೆರಳಿನ ಲೆಕ್ಕದಲ್ಲೇ ಇರುತ್ತೆ, ಹಾಡಿನ ಕಡೆ ಗಮನ ಎಲ್ಲಿಂದ ಬರಬೇಕು. ಅದೇ ಹಾಡು ‘ಎಫ್’ಗೆ ಬಂದ್ರೆ ಆಲ್ಟೊಗೆ ‘ಡಿ’, ಎರಡೇ ಶಾರ್ಪ್, ಟೆನರಿಗೆ ‘ಜಿ’, ಒಂದೇ. ‘ಬಿ ಫ್ಲಾಟ್’ ಆದ್ರಂತೂ ಟೆನರಿಗೆ ಒಂದೂ ಇಲ್ಲ. ಜಾಝ್ ಹಾಡುಗಳಲ್ಲಿ ಅಷ್ಟೊಂದು ‘ಎಫ್’, ‘ಬಿ ಫ್ಲಾಟ್’, ‘ಇ ಫ್ಲಾಟ್’ ಇರೋದಕ್ಕೆ ಊದೋ ವಾದ್ಯದವರ ಕೈಬಾಯೇ ಕಾರಣ, ಜಾಝ್ ಗಿಟಾರಿಸ್ಟ್‌ಗಳು ಅದಕ್ಕೆ ಹೊಂದ್ಕೊಂಡು ತೆರೆದ ತಂತಿಯ ಆಸೆ ಬಿಟ್ಟು ಎಲ್ಲಾ ಸ್ಕೇಲಲ್ಲೂ ಕೈ ಓಡಿಸೋದು ಕಲೀತಾರೆ. ನಿಮ್ಮ ಗೆಳೆಯನಿಗೆ ‘ಇ’ಯಿಂದ ‘ಎಫ್’ಗೆ ಹೋಗೋಕೆ ಬೇಕಾಗಿರೋದು ಮೊದಲನೇ ಫ್ರೆಟ್ಟಿಗೆ ಒಂದು ಕೇಪೋ (ಎಲ್ಲಾ ತಂತಿ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್ಪು) ಅಷ್ಟೇ. ಅದೂ ಇಲ್ಲ ಅಂದ್ರೆ ನೀವೇ ಒಂದು ತಗೊಂಡು ಹೋಗಿ ಕೊಡಿ.

ದಾವಣಗೆರೆಯಿಂದ: ಈ ಗೆಸ್ಟ್‌ಗಳೆಲ್ಲ ನಿಜವಾಗ್ಲೂ ಸ್ಟುಡಿಯೋಗೆ ಬರ್ತಾರಾ, ಇಲ್ಲ ಮನೇಲೇ ನುಡಿಸಿ ಮೇಲ್ ಮಾಡ್ತಾರಾ?

ಎರಡೂ ಉಂಟು. ಒಂದೇ ರೂಮಲ್ಲಿ ಕೂತು ಮಾಡಿದ್ದಕ್ಕೆ ದೊಡ್ಡ ಉದಾಹರಣೆ ಬೆನ್ಸನ್ ಅವರ ‘ಬ್ರೀಝಿನ್’, 1976ರ ಜನವರೀಲಿ ಹಾಲಿವುಡ್‌ನ ಕ್ಯಾಪಿಟಲ್ ಸ್ಟುಡಿಯೋದಲ್ಲಿ ಮೂರು ದಿನದಲ್ಲಿ ರೆಕಾರ್ಡ್ ಆಗಿದ್ದು, ಪ್ರೊಡ್ಯೂಸರ್ ಟಾಮಿ ಲಿಪುಮ. ತಂತಿವಾದ್ಯಗಳ ಅರೇಂಜ್‌ಮೆಂಟು ಕ್ಲಾಸ್ ಓಗರ್ಮನ್ ಮಾಡಿದ್ದು. ಅಲ್ಲಿ ಅತಿಥಿ ಅಂತ ಕವರಲ್ಲಿ ಯಾರ ಹೆಸರೂ ಮೆರೆಸಿಲ್ಲ, ಆದ್ರೆ ಕೆಲಸ ನೋಡಿ. ಫಿಲ್ ಅಪ್‌ಚರ್ಚ್ ರಿದಮ್ ಗಿಟಾರ್ ನುಡಿಸೋಕೆ ಬಂದವರು, ಅವರು ಬರೆದ ಒಂದು ಟ್ಯೂನೇ ಆಲ್ಬಮ್ಮಲ್ಲಿ ಸೇರ್ತು. ಕೀಬೋರ್ಡಿನ ರಾನಿ ಫಾಸ್ಟರ್ ಅವರದ್ದೂ ಒಂದು. ಆಲ್ಬಮ್ ಹೆಸರಿನ ಟ್ಯೂನು ಬಾಬಿ ವೊಮ್ಯಾಕ್ ಅವರದ್ದು, ಅದನ್ನ ಮೊದಲು ರೆಕಾರ್ಡ್ ಮಾಡಿದ್ದು ಹಂಗೆರಿಯ ಗಿಟಾರಿಸ್ಟ್ ಗಾಬೊರ್ ಸಾಬೊ. ಆರು ಟ್ರ್ಯಾಕಲ್ಲಿ ಬೆನ್ಸನ್ ಸ್ವಂತ ಬರೆದಿದ್ದು ಒಂದೇ. ಆದ್ರೂ ಅದನ್ನ ಬೆನ್ಸನ್ ಆಲ್ಬಮ್ ಅಲ್ಲ ಅನ್ನೋರು ಯಾರಾದ್ರೂ ಸಿಕ್ಕಿದ್ರೆ ನನಗೆ ತಿಳಿಸಿ. ಅಮೆರಿಕದ ಪಾಪ್, ಸೋಲ್, ಜಾಝ್ ಮೂರೂ ಪಟ್ಟೀಲಿ ಮೊದಲನೇ ಸ್ಥಾನಕ್ಕೆ ಹೋಯ್ತು.

ಇವತ್ತು ಹೆಚ್ಚಿನವರು ಫೈಲ್ ಕಳ್ಸೋದೇ. ಆತಿಥೇಯ ಡ್ರಮ್, ಬಾಸ್, ಕೀಬೋರ್ಡ್ ಮೊದಲು ರೆಕಾರ್ಡ್ ಮಾಡಿ, ಅತಿಥಿ ನುಡಿಸಬೇಕಾದ ಜಾಗದಲ್ಲಿ ತಾನೇ ಒರಟೊರಟಾಗಿ ಒಂದು ಗೈಡ್ ನುಡಿಸಿಟ್ಟು ಕಳಿಸ್ತಾನೆ, ಅತಿಥಿ ಮನೆ ಸ್ಟುಡಿಯೋದಲ್ಲಿ ಮೂರ್ನಾಲ್ಕು ಟೇಕ್ ನುಡಿಸಿ ವಾಪಸ್ ಕಳಿಸ್ತಾನೆ. ಇಂಟರ್ನೆಟ್ಟಲ್ಲಿ ಲೈವ್ ಆಗಿ ಇಬ್ಬರೂ ಒಟ್ಟಿಗೆ ನುಡಿಸೋದು ಈಗಲೂ ಕಷ್ಟ, ಶಬ್ದ ಹೋಗಿ ಬರೋ ತಡಕ್ಕೆ ತಾಳ ಹರಿದುಹೋಗುತ್ತೆ.

ಫೈಲ್ ಕಳ್ಸೋದ್ರಲ್ಲಿ ಎಡವೋದು ಎಲ್ಲರೂ ಒಂದೇ ಕಡೆ. ಎಂಪಿ3 ಕಳ್ಸಬೇಡಿ, ಎಂಪಿ3 ಮಾಡುವಾಗ ಫೈಲಿನ ಶುರುವಲ್ಲಿ ಮಿಲಿಸೆಕೆಂಡ್ ಲೆಕ್ಕದ ಒಂದು ಸಣ್ಣ ಖಾಲಿ ಜಾಗ ಸೇರ್ಕೊಳ್ಳುತ್ತೆ, ಅದರ ಮೇಲೆ ನುಡಿಸಿ ಕಳಿಸಿದ ಸೋಲೋ ಮೂಲ ಟ್ರ್ಯಾಕಿಗೆ ಕೂರಿಸಿದಾಗ ಯಾಕೋ ಮುಗ್ಗರಿಸ್ತಿದೆ ಅನ್ಸುತ್ತೆ, ನುಡಿಸಿದವನಿಗೆ ತಾಳಜ್ಞಾನ ಇಲ್ಲ ಅಂತ ಬೈಗುಳ. ವೇವ್ ಫೈಲೇ ಕಳಿಸಿ. ಇನ್ನೊಂದು ಸ್ಯಾಂಪಲ್ ರೇಟು, ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಶಬ್ದದ ಅಳತೆ ತಗೊಳ್ತಾರೆ ಅನ್ನೋದು, 48 ಸಾವಿರದ ಫೈಲನ್ನ 44.1 ಸಾವಿರದ ಪ್ರಾಜೆಕ್ಟಿಗೆ ಕನ್ವರ್ಟ್ ಮಾಡದೆ ಹಾಗೇ ಎಳೆದು ಹಾಕಿದ್ರೆ ಹಾಡು ನಿಧಾನ ಆಗಿ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿಯುತ್ತೆ. ಮತ್ತೆ ಎಲ್ಲಾ ಫೈಲೂ ಹಾಡಿನ ತಾಳದ ಮೊಟ್ಟಮೊದಲ ಆವರ್ತದಿಂದಲೇ ಶುರುವಾಗಿರಲಿ, ಸೋಲೋ ಮೂರನೇ ನಿಮಿಷಕ್ಕೆ ಬಂದ್ರೂ ಸರಿ, ಮುಂಚೆ ಮೌನ ಇದ್ರೆ ಇರಲಿ, ಕೂರಿಸೋರಿಗೆ ಹುಡುಕಾಟ ತಪ್ಪುತ್ತೆ.

ಒಂದೇ ರೂಮಲ್ಲಿ ಮಾಡಿದ್ದೇ ಮೇಲಾ ಅಂತ ಮುಂದಿನ ಪತ್ರದಲ್ಲಿ ಕೇಳ್ತೀರ, ಈಗ್ಲೇ ಹೇಳ್ಬಿಡ್ತೀನಿ, ಹೌದು. ಫೈಲ್ ಕಳಿಸಿದ ಅತಿಥಿ ಬ್ಯಾಂಡಿಗೆ ಉತ್ತರ ಕೊಡಬಹುದು, ಆದ್ರೆ ಬ್ಯಾಂಡು ಅವನಿಗೆ ಉತ್ತರ ಕೊಡೋಕಾಗಲ್ಲ, ಅದು ಮುಗಿದುಹೋಗಿರುತ್ತೆ. ಇದನ್ನ ತಿಳಿದವರು ಸೋಲೋ ಬಂದ ಮೇಲೆ ತಮ್ಮ ಕಾಂಪಿಂಗನ್ನ ಅಳಿಸಿ ಅದನ್ನ ಕೇಳ್ಕೊಂಡು ಮತ್ತೆ ನುಡಿಸ್ತಾರೆ. ಒಂದು ಮಧ್ಯಾಹ್ನದ ಕೆಲಸ, ಮಾಡೋರು ಕಮ್ಮಿ.

ತುಮಕೂರಿಂದ: ಗಿಟಾರ್ ಆಲ್ಬಮ್ಮಲ್ಲಿ ಮಧ್ಯ ಒಂದು ಹಾಡು ಯಾಕೆ ತುರುಕ್ತಾರೆ? ಗಿಟಾರ್ ಕೇಳೋಕೆ ಕೂತವರಿಗೆ ಕಿರಿಕಿರಿ.

ರೇಡಿಯೋಗೆ. ಇದ್ರಲ್ಲಿ ಮುಚ್ಚುಮರೆ ಏನಿಲ್ಲ. ರಿಟನೋರ್ 1981ರಲ್ಲಿ ಎರಿಕ್ ಟ್ಯಾಗ್ ಅನ್ನೋ ಗಾಯಕರನ್ನ ಕರೆಸಿ ಹಾಡಿಸಿದ ‘ಈಸ್ ಇಟ್ ಯೂ’ ಅಮೆರಿಕದ ಪಾಪ್ ಪಟ್ಟೀಲಿ 15ನೇ ಸ್ಥಾನಕ್ಕೆ ಹೋಯ್ತು, ಬರೀ ಗಿಟಾರಲ್ಲಿ ಅಲ್ಲಿಗೆ ಹೋಗೋದು ಎಲ್ಲೋ ಒಬ್ಬಿಬ್ಬರಿಗೆ. ಫೋರ್‌ಪ್ಲೇ ಕೂಡ 1991ರ ಮೊದಲ ಆಲ್ಬಮ್ಮಲ್ಲೇ ಎಲ್ ಡಬಾರ್ಜ್ ಅವರನ್ನ ಕರೆಸಿ ಮಾರ್ವಿನ್ ಗೇ ಹಾಡೊಂದನ್ನ ಹಾಡಿಸ್ತು.

ಆದ್ರೆ ಬೆನ್ಸನ್ ‘ಬ್ರೀಝಿನ್’ನಲ್ಲಿ ಹಾಡಿದ್ದು ಅತಿಥಿ ಅಲ್ಲ, ಅವರೇ. ಆರರಲ್ಲಿ ಒಂದೇ ಹಾಡು, ಲಿಯಾನ್ ರಸಲ್ ಬರೆದ ‘ದಿಸ್ ಮ್ಯಾಸ್ಕರೇಡ್’, ವರ್ಷದ ರೆಕಾರ್ಡ್ ಅಂತ ಗ್ರ್ಯಾಮಿ ಬಂತು. ಆಲ್ಬಮ್ಮಲ್ಲಿ ಅದು ಎಂಟು ನಿಮಿಷದ್ದು, ರೇಡಿಯೋದಲ್ಲಿ ಕತ್ತರಿಸಿದ್ದು ಬರ್ತಿತ್ತು. ದಯವಿಟ್ಟು ಎಂಟು ನಿಮಿಷದ್ದನ್ನೇ ಕೇಳಿ. ಅದ್ರಲ್ಲಿ ಅರ್ಜೆಂಟೀನಾದ ಹೋರ್ಹೆ ಡಾಲ್ಟೊ ಪಿಯಾನೊ ಸೋಲೋ ಇದೆ, ಬೆನ್ಸನ್ ಗಿಟಾರೂ ಬಾಯೂ ಸೇರಿಸಿ ಒಂದೇ ಸಾಲನ್ನ ಒಟ್ಟಿಗೆ ಹಾಡಿ ನುಡಿಸೋದೂ ಇದೆ. ಆ ಪಿಯಾನೊ ಬರುವಾಗ ಹಾಡಿನ ಯಜಮಾನರು ಸುಮ್ಮನಿರ್ತಾರೆ. ನಿಮ್ಮ ಕಿರಿಕಿರಿ ನಂಗೆ ಅರ್ಥ ಆಗುತ್ತೆ, ಎಷ್ಟೋ ಆಲ್ಬಮ್ಮಲ್ಲಿ ಏಳನೇ ಟ್ರ್ಯಾಕಿಗೆ ಯಾರೋ ಬಂದು ‘ಬೇಬಿ ಬೇಬಿ’ ಅಂತ ಹೋಗ್ತಾರೆ, ಗಿಟಾರಿಗೂ ಅವರಿಗೂ ಪರಿಚಯವೇ ಇರಲ್ಲ. ಸ್ಕಿಪ್ ಮಾಡಿ, ಪಾಪ ಏನಿಲ್ಲ.

ಹುಬ್ಬಳ್ಳಿಯಿಂದ: ದುಡ್ಡಿನ ವಿಷಯ ಯಾರೂ ಹೇಳಂಗಿಲ್ಲ ನೋಡ್ರಿ. ಗೆಸ್ಟ್ ಬಂದವರಿಗೆ ಎಷ್ಟು ಕೊಡ್ತಾರ? ಸಿ.ಡಿ. ಹಿಂದ ಇಂಥ ಕಂಪನಿ ಕೃಪೆಯಿಂದ ಅಂತ ಯಾಕ ಬರಿತಾರ?

ಕೃಪೆ ಏನಿಲ್ರಿ, ಪರ್ಮಿಷನ್ ಅಷ್ಟೇ. ಒಬ್ಬ ಕಲಾವಿದ ಒಂದು ಕಂಪನಿ ಜೊತೆ ‘ನಿಮಗೆ ಬಿಟ್ಟು ಯಾರಿಗೂ ರೆಕಾರ್ಡ್ ಮಾಡಲ್ಲ’ ಅಂತ ಸೈನ್ ಮಾಡಿದ್ರೆ ಇನ್ನೊಬ್ಬರ ಆಲ್ಬಮ್ಮಿಗೆ ನುಡಿಸೋಕೆ ಆ ಕಂಪನಿ ಬಿಟ್ಟುಕೊಡಬೇಕು, ಬಿಟ್ಟುಕೊಟ್ಟದ್ದಕ್ಕೆ ಹೆಸರು ಹಾಕು ಅಂತಾರೆ. ಇಪ್ಪತ್ತು ಜನ ಅತಿಥಿಗಳು ಅಂದ್ರೆ ನುಡಿಸೋದಕ್ಕಿಂತ ಈ ಕಾಗದ ಪತ್ರ ಓಡಾಡೋದೇ ಜಾಸ್ತಿ.

ಅಮೆರಿಕದಲ್ಲಿ ಸೆಷನ್ನಿಗೆ ನುಡಿಸೋರಿಗೆ ಸಂಗೀತಗಾರರ ಯೂನಿಯನ್ ಕನಿಷ್ಠ ದರ ಕಟ್ಟಿದೆ, ಲೀಡರ್ ಆದವರಿಗೆ ಅದರ ಎರಡರಷ್ಟು, ದೊಡ್ಡ ಹೆಸರಿನವರು ತಮ್ಮದೇ ರೇಟ್ ಹೇಳ್ತಾರೆ. ಗೆಳೆತನದಲ್ಲಿ ಲೆಕ್ಕ ಬೇರೆ, ನಾನು ನಿನ್ನ ಆಲ್ಬಮ್ಮಿಗೆ, ನೀನು ನನ್ನದಕ್ಕೆ. ಜಗಳ ಬರೋದು ಇದ್ಯಾವುದಕ್ಕೂ ಅಲ್ಲ, ಟ್ಯೂನ್ ಯಾರದ್ದು ಅನ್ನೋದಕ್ಕೆ. ಅತಿಥಿ ಬಂದವನು ಸೋಲೋ ಜೊತೆಗೆ ಹಾಡಿನ ಮುಖ್ಯ ಸಾಲನ್ನೂ ಅಲ್ಲೇ ಹೊಳೆಸಿ ಕೊಟ್ಟ ಅಂದ್ಕೊಳ್ಳಿ, ಅವನು ರಚನಕಾರನೂ ಹೌದು, ರಾಯಲ್ಟಿ ಬೇರೆ ಲೆಕ್ಕ. ನಮ್ಮಲ್ಲೂ ಹುಡುಗರು ಸೇರಿ ರೆಕಾರ್ಡ್ ಮಾಡುವಾಗ ಇದನ್ನ ಮಾತಾಡೋಕೆ ನಾಚ್ಕೋತಾರೆ, ಹಾಡು ಓಡಿದ ಮೇಲೆ ಮಾತೇ ಬಿಡ್ತಾರೆ. ಒಂದು ಹಾಳೇಲಿ ಎಷ್ಟು ದುಡ್ಡು, ಹೆಸರು ಹೇಗೆ ಹಾಕೋದು, ರಚನೇಲಿ ಎಷ್ಟು ಪಾಲು ಅಂತ ಬರೆದು ಇಬ್ಬರೂ ಸಹಿ ಹಾಕಿಬಿಡ್ರಿ, ರೆಕಾರ್ಡಿಂಗಿಗೆ ಮುಂಚೆ.

ನ್ಯೂಜೆರ್ಸಿಯಿಂದ: ನಮ್ಮ ಕನ್ನಡದ ಕಡೆಯವರು ಯಾರಾದ್ರೂ ಜಾಝ್ ಆಲ್ಬಮ್ಮಿಗೆ ಗೆಸ್ಟ್ ಆಗಿ ಹೋಗಿದ್ದಾರಾ?

ಸ್ಮೂತ್ ಅನ್ನೋ ಪದ ಬಿಟ್ಟು ಕೇಳಿದ್ದಕ್ಕೆ ಥ್ಯಾಂಕ್ಸ್, ಯಾಕಂದ್ರೆ ನಾನು ಹೇಳೋ ಎರಡೂ ಆಲ್ಬಮ್ ಸ್ಮೂತ್ ಅಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಗಾಯನ, ಇವರ ಜೊತೆ ಅಮೆರಿಕದ ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೊ 1983ರಲ್ಲಿ ‘ಜ್ಯೋತಿ’ ರೆಕಾರ್ಡ್ ಮಾಡಿದ್ರು, ಜರ್ಮನಿಯ ಇಸಿಎಂ ಕಂಪನಿ ತಂದಿದ್ದು. ಅಲ್ಲಿ ಅತಿಥಿ ಯಾರು ಆತಿಥೇಯ ಯಾರು ಹೇಳೋದು ಕಷ್ಟ, ರಮಾಮಣಿ ಅವರು ಹಾಡೋಕೆ ಶುರು ಮಾಡಿದ್ರೆ ಸ್ಯಾಕ್ಸು ತಾನಾಗೇ ಪಕ್ಕವಾದ್ಯ ಆಗುತ್ತೆ.

ಇನ್ನೊಂದು ನಮ್ಮ ಕದ್ರಿ ಗೋಪಾಲನಾಥ್. ಅಮೆರಿಕದ ಆಲ್ಟೊ ಸ್ಯಾಕ್ಸ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ 2008ರ ‘ಕಿನ್ಸ್‌ಮೆನ್’. ಪಿಟೀಲು ಎ. ಕನ್ಯಾಕುಮಾರಿ, ಮೃದಂಗ ಪೂವಲೂರ್ ಶ್ರೀಜಿ, ಗಿಟಾರು ರೆಝ್ ಅಬ್ಬಾಸಿ. ಎರಡು ಆಲ್ಟೊ ಸ್ಯಾಕ್ಸ್ ಎದುರುಬದುರು, ಒಬ್ಬರು ಗಮಕದಲ್ಲಿ ಇನ್ನೊಬ್ಬರು ಜಾಝ್ ಮಾತಲ್ಲಿ. ಚಿಕ್ಕಮಗಳೂರಿನವರು ಇದನ್ನೂ ಕೇಳಿ, ಒಂದೇ ವಾದ್ಯ ಎರಡಿದ್ರೂ ಬೇರೆ ಬೇರೆ ಗೊತ್ತಾಗುತ್ತೆ. ಅಬ್ಬಾಸಿಯ ಗಿಟಾರು ಇಬ್ಬರ ನಡುವೆ ಎಲ್ಲಿ ಬರುತ್ತೆ, ಎಲ್ಲಿ ಬಾಯಿ ಮುಚ್ಕೊಂಡಿರುತ್ತೆ ಅನ್ನೋದು ಮೇಲೆ ಹೇಳಿದ್ದಕ್ಕೆಲ್ಲ ಒಳ್ಳೇ ಉದಾಹರಣೆ.

ಶಿವಮೊಗ್ಗದಿಂದ: ಯಾವುದರಿಂದ ಶುರು ಮಾಡಲಿ? ಒಂದೇ ಹೆಸರು ಹೇಳಿ, ಪಟ್ಟಿ ಬೇಡ.

‘ಬ್ರೀಝಿನ್’.

ಬೆಳಗಾವಿಯಿಂದ: ಮಗ ಪಿ.ಯು. ಓದ್ತಾ ಇದ್ದಾನ, ಎಲೆಕ್ಟ್ರಿಕ್ ಗಿಟಾರು ಚಲೋ ನುಡಿಸ್ತಾನ. ಗೆಳೆಯರನ್ನ ಕರಿಸಿ ನಾಲ್ಕು ಹಾಡು ರೆಕಾರ್ಡ್ ಮಾಡ್ತೀನಿ ಅಂತಾನ, ಎಲ್ಲಾದ್ರಾಗೂ ಸೋಲೋ ಅವಂದೇ. ಏನ್ ಹೇಳ್ಲಿ?

ನಾಲ್ಕರಲ್ಲಿ ಒಂದು ಹಾಡಿನಲ್ಲಿ ಅವನು ಸೋಲೋ ನುಡಿಸಬಾರದು ಅಂತ ಕಂಡೀಷನ್ ಹಾಕ್ರಿ. ಆ ಹಾಡಲ್ಲಿ ಗೆಳೆಯ ಸೋಲೋ ನುಡಿಸ್ಲಿ, ಇವನು ಶುರುವಿಂದ ಕೊನೇತನಕ ರಿದಮ್ ಮಾತ್ರ. ಆಮೇಲೆ ಬಾಸು ಡ್ರಮ್ಮು ಮ್ಯೂಟ್ ಮಾಡಿ ಇವನ ರಿದಮ್ ಟ್ರ್ಯಾಕೊಂದನ್ನೇ ಹಾಕಿ ಮನೇಲಿ ಎಲ್ಲರೂ ಕೂತು ಕೇಳ್ರಿ, ತಾಳ ಓಡ್ತದೋ ನಿಲ್ತದೋ ಅಲ್ಲೇ ಗೊತ್ತಾಗ್ತದ. ಪರೀಕ್ಷೆ ಮುಗಿದ ಮೇಲೆ ಮಾಡ್ಲಿ ಆದ್ರ, ಈಗ ಬ್ಯಾಡ.